ಮಾರುವವಳ ಕಿವಿ

ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಹುಡುಗಿಯರು ನಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತಾಗ, ಅವರು ಹೇಳುವದನ್ನು ಪೂರ್ತಿಯಾಗಿ ಕೇಳುವ ಮೊದಲೇ ನಾವು, "ಆಗಲಿ, ಶಿಸ್ತಿನ ವಿಷಯವಾಗಿ ಬರೆದುಕೊಡುವೆವು" ಎಂದುಬಿಟ್ಟೆವು. ಹುಡುಗಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅವರಲ್ಲಿ ಧೈರ್ಯವುಳ್ಳವಳೊಬ್ಬಳು, "ಟೀಚರ್, ಕೈಗೆಲಸದ ಮಾರಾಟದ ವಿಷಯ ಬರೀರಿ ಅಂತ ಕೇಳಲಿಕ್ಕೆ ಬಂದಿದ್ದೆವ್ರಿ" ಎಂದಳು. ಇಪ್ಪತ್ತು ವರುಷಗಳಿಂದ ಪಾಠ ಹೇಳುತ್ತ ಬಂದ ನಾಲಗೆಗೆ ಇನ್ನೂ ಎಷ್ಟು ಅವಸರವಿರುವದೆಂಬದು ನಮಗೆ ಮತ್ತೊಮ್ಮೆ ತಿಳಿಯಿತು. ಆದುದರಿಂದ ಶಿಸ್ತಿನ ಮಾತನ್ನು ಬದಿಗಿಟ್ಟು, ಅವರು ಕೇಳಿದ್ದನ್ನೇ ಬರೆಯುವೆವು. ಓದುವವರಿಗೆ ಒಂದು ಸಂಗತಿಯನ್ನು ಮೊದಲೇ ತಿಳಿಸುವದು ಯುಕ್ತ. ಇಲ್ಲಿ 'ನಾವು' ಎಂದು ಬರೆದಲ್ಲೆಲ್ಲ ಮುಖ್ಯಾಧ್ಯಾಪಿಕೆಯಾದ ನಮ್ಮೊಬ್ಬರನ್ನೇ ತಿಳಿಯಬೇಕು. ಮುಂದೆ ಹೇಳಲಿರುವ ತಪ್ಪಿನಲ್ಲಿ ನಮ್ಮ ಸಹೋದ್ಯೋಗಿಗಳಿಗೆ ಪಾಲಿಲ್ಲ.

ನಮ್ಮ ಶಾಲೆಯಲ್ಲಿ ಪ್ರತಿವರುಷ ಕ್ರಿಸ್ಮಸ್ ರಜೆಗೆ ಮೊದಲು ಎರಡು ದಿನ ಕೈಗೆಲಸದ ಮಾರಾಟ ನಡೆಯುವದು. ಅದರಿಂದ ಬಂದ ಹಣವೆಲ್ಲ ಬಡ ಹುಡುಗಿಯರ ಊಟ, ಪುಸ್ತಕಗಳ ನಿಧಿಗೆ ಸೇರುವದು. ಮಾರಾಟದ ಸಾಮಾನುಗಳಲ್ಲಿ ಮುಖ್ಯವಾದದ್ದು ನಮ್ಮ ಈ ಧಾರವಾಡ ಸೀಮೆಯ ಕಸೂತಿ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ಅದರಲ್ಲಿ ನಾಲ್ಕು ಬಗೆಯ ಹೊಲಿಗೆಗಳುಂಟು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ನೂಲಿನ ಎಳೆಗಳನ್ನು ಎಣಿಸುತ್ತ ಹೋಗುವದೇ ಇದರ ಕ್ರಮ. ಗವಂತಿ, ಮುರಗಿಗಳನ್ನು ಸರಿಯಾಗಿ ಹಾಕಿದರೆ ಬಟ್ಟೆಯ ಒಳಮೈ ಹೊರಮೈಗಳೆರಡೂ ಒಂದೇ ತೆರನಾಗಿ ಕಾಣುವವು. ದಾರಕ್ಕೆ ಗಂಟು ಹಾಕುವಂತಿಲ್ಲ. ನಮ್ಮ ಅಜ್ಜಿಯಂದಿರು ಇಳಕಲ್ಲ ಸೀರೆಯ ಸೆರಗಿನ ಹತ್ತಿರ ಗೋಪುರ, ತೇರು, ಆನೆ, ತುಳಸಿ ವೃಂದಾವನಗಳನ್ನು ಹೀಗೆಯೇ ಎತ್ತುತ್ತಿದ್ದರು. ದಿಂಬಿನ ಒಂದು ಗವುಸಣಿಗೆಗೆ ನಮ್ಮ ಹುಡುಗಿಗೆ ಎರಡು ಮೂರು ವಾರಗಳ ಹೊಲಿಗೆಯ ಪಾಠಗಳು ಬೇಕಾಗುವವು. ಇಷ್ಟು ಶ್ರಮದ ಸಾಮಾನು ಮಾರಾಟದ ಮೇಜಿನ ಮೇಲೆ ಸುಮ್ಮನೆ ಉಳಿದರೆ, ಮಾಡಿದವಳ ಮುಖವನ್ನು ನೋಡಲಾಗದು.

2023ನೆಯ ಇಸವಿಯ ಡಿಸೆಂಬರ್ 15 ಮತ್ತು 16ರಂದು ನಡೆದ ಮಾರಾಟಕ್ಕೆ ನಾವು ಎಂದಿಗಿಂತ ಹೆಚ್ಚು ಸಿದ್ಧತೆ ಮಾಡಿದ್ದೆವು. ಕೊಳ್ಳುವವರೊಡನೆ ಮಾತಾಡುವ ಕಲೆಯನ್ನು ಹುಡುಗಿಯರಿಗೆ ಕಲಿಸಬೇಕೆಂದು ಎಂಟು ವಾಕ್ಯಗಳನ್ನು ಬರೆದು, ಬಾಯಿಪಾಠ ಮಾಡಿಸಿದೆವು. ಬನ್ನಿರೆಂಬ ಉಪಚಾರದ ಮಾತು, ಕಸೂತಿಯ ಹಿರಿಮೆ, ನಾಲ್ಕು ಹೊಲಿಗೆಗಳ ಹೆಸರು, ತಗಲಿದ ದಿನಗಳು, ನಿಧಿಯ ಉದ್ದೇಶ, ಬೆಲೆ, ಕೊನೆಗೆ ಕೊಳ್ಳಿರೆಂಬ ವಿನಂತಿ, ಹೀಗೆ ಎಲ್ಲವೂ ಅದರಲ್ಲಿ ಅಡಕವಾಗಿದ್ದವು. ಹುಡುಗಿಯರು ಅದನ್ನು ತಡೆಯಿಲ್ಲದೆ ಒಪ್ಪಿಸಿದರು. ನಮಗೆ ಪರಮ ಸಂತೋಷವಾಯಿತು.

ಮೊದಲನೆಯ ದಿನ ಮೇಜುಗಳ ಮೇಲೆ 96 ಸಾಮಾನುಗಳಿದ್ದವು. ಸಂಜೆ ಎಣಿಸಿದಾಗ 82 ಉಳಿದಿದ್ದವು. ಜನರು ಬಾರದೆ ಇದ್ದರೆಂದಲ್ಲ. ಬಂದರು, ನಿಂತರು, ಎಂಟು ವಾಕ್ಯಗಳನ್ನು ಮರ್ಯಾದೆಯಿಂದ ಕೇಳಿದರು, "ಭಾಳ ಛಲೋ ಅದ" ಎಂದರು, ಮುಂದಕ್ಕೆ ನಡೆದರು. ಹೋಗುವವರ ಹಿಂದೆ ನಮ್ಮ ಹುಡುಗಿಯರು ಐವತ್ತು ರೂಪಾಯಿ ಕಡಿಮೆ ಮಾಡುವೆವೆಂದು ಕೂಗಿದರು. ಆದಾಗ್ಯೂ ಯಾರೂ ತಿರುಗಿ ಬರಲಿಲ್ಲ.

ಮಾರಾಟವಾದ 14 ಸಾಮಾನುಗಳಲ್ಲಿ ಒಂಬತ್ತು ಒಂದೇ ಮೇಜಿನಿಂದ ಹೋಗಿದ್ದವು. ಆ ಮೇಜಿನ ಹತ್ತಿರ ನಿಂತವಳು ಒಂಬತ್ತನೆಯ ತರಗತಿಯ ಹುಡುಗಿ. ವರ್ಗದಲ್ಲಿ ಕೇಳಿದರೆ ಮಾತ್ರ ಉತ್ತರ ಹೇಳುವವಳು. ಬಾಯಿಪಾಠದಲ್ಲಿ ಎಲ್ಲರಿಗಿಂತ ಹಿಂದುಳಿದವಳೂ ಅವಳೇ. ಆದುದರಿಂದಲೇ ಅವಳನ್ನು ಮೂಲೆಯ ಮೇಜಿಗೆ ಹಾಕಿದ್ದೆವು. ಮಧ್ಯಾಹ್ನ ಇವಳ ಡಬ್ಬಿಯಲ್ಲಿ ಹಣ ಕಂಡು ಸೋಜಿಗಪಟ್ಟು, ಕಂಬದ ಮರೆಯಲ್ಲಿ ನಿಂತು ಕೆಲಹೊತ್ತು ಆಲಿಸಿದೆವು. ಇದು ಮುಖ್ಯಾಧ್ಯಾಪಿಕೆಗೆ ತಕ್ಕ ನಡತೆಯಲ್ಲವೆಂದು ಬಲ್ಲೆವು. ಆದರೆ ಅದರಿಂದಾದ ಲಾಭವನ್ನು ಮರೆಮಾಚಲಾರೆವು.

ಒಬ್ಬ ಗೃಹಸ್ಥರು ಬಂದು ಕರವಸ್ತ್ರಗಳ ಬೆಲೆ ಕೇಳಿದರು. ಹುಡುಗಿ ಹೇಳಿದಳು. ಅವರು ಬಟ್ಟೆಯನ್ನು ಕೆಳಗಿಟ್ಟು ಹೊರಡುವವರಾದರು. ಬೇರೆ ಯಾರಾದರೂ ಆಗಿದ್ದರೆ ಬೆಲೆ ಇಳಿಸುವ ಮಾತು ತೆಗೆಯುತ್ತಿದ್ದರು. ಇವಳು, "ಬೆಲಿ ಹೆಚ್ಚಾತೇನ್ರಿ, ಇಲ್ಲಾ ಬ್ಯಾರೆ ಏನರ ಅನುಮಾನ ಅದ ಏನ್ರಿ?" ಎಂದು ಕೇಳಿ ಸುಮ್ಮನಾದಳು. ಆ ಸುಮ್ಮನಿರುವಿಕೆಯು ನಮಗೇ ಸಹಿಸದಷ್ಟು ದೀರ್ಘವಾಯಿತು. ಕೊನೆಗೆ ಗೃಹಸ್ಥರು, ಹಿಂದೆ ಬೇರೆ ಕಡೆ ಕೊಂಡ ಬಟ್ಟೆಯೊಂದರ ಕೆಂಪು ದಾರ ಮೊದಲನೆಯ ಒಗೆತಕ್ಕೇ ಬಣ್ಣ ಬಿಟ್ಟಿತೆಂದೂ ಮನೆಯವರು ಬೇಸರಪಟ್ಟರೆಂದೂ ಹೇಳಿದರು. ಹುಡುಗಿ ಒಂದು ಬಟ್ಟಲಲ್ಲಿ ನೀರು ತಂದು, ಕರವಸ್ತ್ರದ ಕೆಂಪು ಮೂಲೆಯನ್ನು ಅದರಲ್ಲಿ ಅದ್ದಿ, ಬಿಳಿಯ ಅರಿವೆಯ ಮೇಲಿಟ್ಟು ಒತ್ತಿ ತೋರಿಸಿದಳು. ಬಣ್ಣ ಬಿಡಲಿಲ್ಲ. ಅವರು ಹೇಳಿದ ಬೆಲೆಗೇ ನಾಲ್ಕು ಕರವಸ್ತ್ರಗಳನ್ನು ಕೊಂಡರು. ನಮ್ಮ ಎಂಟು ವಾಕ್ಯಗಳಲ್ಲಿ ದಾರದ ಬಣ್ಣದ ಮಾತೇ ಇರಲಿಲ್ಲ.

ಆ ಮೇಲೆ ಒಬ್ಬ ಅಜ್ಜಿ ಬಂದರು. ಗವುಸಣಿಗೆಯೊಂದನ್ನು ಎತ್ತಿಕೊಂಡು ಒಳಮೈ ತಿರುವಿ ನೋಡಿದರು. ಕಸೂತಿ ಬಲ್ಲವರು ಮೊದಲು ನೋಡುವದು ಒಳಮೈಯನ್ನೇ. "ಯಾರಿಗೆ ಬೇಕಾಗಿತ್ರಿ ಅಜ್ಜಿ?" ಎಂದು ಹುಡುಗಿ ಕೇಳಿದಳು. ಅಜ್ಜಿ ಹೇಳತೊಡಗಿದರು. ಮೊಮ್ಮಗಳ ಮದುವೆ ಎಂಟು ದಿನಗಳಲ್ಲಿ ಇತ್ತು. ತಮ್ಮ ತಾಯಿ ಹಾಕಿದ ತುಳಸಿ ವೃಂದಾವನದ ಕುಪ್ಪಸ ಜೀರ್ಣವಾಗಿ ಹೋಗಿತ್ತು. ಅಂಥದೊಂದನ್ನು ಮೊಮ್ಮಗಳಿಗೆ ಉಡುಗೊರೆ ಕೊಡಬೇಕೆಂದು ಅವರ ಮನಸ್ಸು. ಹುಡುಗಿ ಎಲ್ಲವನ್ನೂ ಕೇಳಿ, "ಆ ಥರದ್ದು ನಮ್ಮ ಹಂತ್ಯಾಕ ಇಲ್ಲರಿ ಅಜ್ಜಿ. ಎಂಟು ದಿನದಾಗ ಆಗೂದೂ ಇಲ್ಲ" ಎಂದು ಹೇಳಿ, ಊರಿನಲ್ಲಿ ಅಂಥ ಕೆಲಸ ಸಿದ್ಧವಾಗಿ ದೊರೆಯಬಹುದಾದ ಬೇರೊಂದು ಅಂಗಡಿಯ ದಾರಿ ತಿಳಿಸಿದಳು. ಅಜ್ಜಿ ಬರಿಗೈಯಿಂದ ಹೋದರು. ಕಂಬದ ಮರೆಯಲ್ಲಿದ್ದ ನಮಗೆ ಕೋಪ ಬಂತು. ಬಂದ ಗಿರಾಕಿಯನ್ನು ಬೇರೆ ಅಂಗಡಿಗೆ ಕಳಿಸುವ ವ್ಯಾಪಾರ ಎಂಥದು?

ಸಂಜೆ ಅವಳನ್ನು ಕರೆದು, ಹೀಗೆ ಮಾತಾಡುವದನ್ನು ಯಾರು ಕಲಿಸಿದರೆಂದು ಕೇಳಿದೆವು. ಗದರಿಸುವೆವೆಂದು ತಿಳಿದಳೋ ಏನೋ, ತಲೆ ಬಗ್ಗಿಸಿ ನಿಂತಳು. ನಾವೂ ಅವಳಂತೆಯೇ ಸುಮ್ಮನಿದ್ದು ನೋಡಿದೆವು. ಆಗ ಅವಳು ಹೇಳಿದಳು: ಅವಳ ತಾಯಿ ಸಂತೆಯಲ್ಲಿ ಕಾಯಿಪಲ್ಯ ಮಾರುವವಳು. ಗಿರಾಕಿಯ ಮಾತು ಮುಗಿಯುವ ತನಕ ತಕ್ಕಡಿಯನ್ನು ಎತ್ತಬಾರದೆಂದು ಆಕೆ ಮಗಳಿಗೆ ಹೇಳಿಕೊಟ್ಟಿದ್ದಳು. ಬದನೆಕಾಯಿ ಕೇಳುವವರಿಗೆ ಎಣ್ಣೆಗಾಯಿಗೆ ಬೇಕೋ ಪಲ್ಯಕ್ಕೆ ಬೇಕೋ ಎಂದು ಕೇಳದೆ ತೂಗಿದರೆ, ಅವರು ಈ ವಾರ ಒಯ್ದರೂ ಮುಂದಿನ ವಾರ ಬೇರೆಯವರ ಹತ್ತಿರ ಹೋಗುವರಂತೆ.

ತರಬೇತಿ ಹೊಂದಿದ ಶಿಕ್ಷಕಿಯರಾದ ನಾವು ಈ ಮಾತನ್ನು ಹೊಸದಾಗಿ ಕೇಳಿದೆವೆನ್ನಲಾಗದು. ಮೇರಿ ಬಡ್ ರೋ ಎಂಬ ಅಮೇರಿಕೆಯ ವಿದುಷಿ 1970ರ ದಶಕದಲ್ಲಿ ಪ್ರಕಟಿಸಿದ ಶೋಧವನ್ನು ನಾವೆಲ್ಲರೂ ಓದಿದವರೇ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುವರೆಂದೂ, ಅದನ್ನು ಮೂರು ಸೆಕೆಂಡುಗಳಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುವವೆಂದೂ, ಸುಮ್ಮನಿರುವ ಮಕ್ಕಳು ಸಹ ಬಾಯಿ ತೆರೆಯುವರೆಂದೂ ಆಕೆ ತೋರಿಸಿಕೊಟ್ಟಳು. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆದಿದ್ದೆವು. ಆದರೆ ಕಾಯಿಪಲ್ಯ ಮಾರುವ ತಾಯಿಯ ಮಗಳು ಅದನ್ನು ಮೇಜಿನ ಹತ್ತಿರ ನಿಂತು ಮಾಡಿ ತೋರಿಸಿದಳು. ವ್ಯಾಪಾರದ ಲೋಕದಲ್ಲಿಯೂ ಇದೇ ಬಗೆಯ ಶೋಧ ಉಂಟೆಂದು, ಕಂಪನಿಯೊಂದರ ಮಾರಾಟ ವಿಭಾಗದಲ್ಲಿ ದುಡಿಯುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತರುವಾಯ ತಿಳಿಸಿದಳು. ನೀಲ್ ರ‍್ಯಾಕಮ್ ಎಂಬವರೂ ಅವರ ಸಂಗಡಿಗರೂ ಹನ್ನೆರಡು ವರುಷಗಳಲ್ಲಿ ಸುಮಾರು 35,000 ಮಾರಾಟದ ಸಂಭಾಷಣೆಗಳನ್ನು ಪರಿಶೀಲಿಸಿದರು. 1988ರಲ್ಲಿ ಅವರ ಪುಸ್ತಕ ಹೊರಬಂತು. ದೊಡ್ಡ ಬೆಲೆಯ ವ್ಯಾಪಾರಗಳಲ್ಲಿ ಸರಕಿನ ಗುಣಗಳನ್ನು ಹೊಗಳುವವರಿಗಿಂತ, ಕೊಳ್ಳುವವರ ತೊಂದರೆಯನ್ನು ಪ್ರಶ್ನೆಗಳಿಂದ ತಿಳಿದುಕೊಳ್ಳುವವರೇ ಹೆಚ್ಚು ಸಫಲರಾದರೆಂದೂ, ಕೊಳ್ಳಿರೆಂದು ಮೇಲಿಂದ ಮೇಲೆ ಒತ್ತಾಯಿಸುವದರಿಂದ ಅಂಥ ವ್ಯಾಪಾರ ಕೆಡುವದೆಂದೂ ಅದರ ಸಾರಾಂಶ.

ಅದೇ ಸಂಜೆ ಮಾರಾಟಕ್ಕೆ ನಿಂತ ಹುಡುಗಿಯರನ್ನೆಲ್ಲ ಕೂಡಿಸಿ, ಎಂಟು ವಾಕ್ಯಗಳನ್ನು ಮರೆತುಬಿಡಲು ಹೇಳಿದೆವು. ಪ್ರತಿಯೊಬ್ಬಳೂ ನೋಟುಬುಕ್ಕಿನ ಪುಟದ ನಡುವೆ ಗೆರೆ ಎಳೆದು, ಆ ದಿನದ ಒಂದು ಸಂಭಾಷಣೆಯನ್ನು ನೆನಪಿಗೆ ತಂದುಕೊಂಡು, ಎಡಗಡೆಯಲ್ಲಿ ಕೊಳ್ಳಲು ಬಂದವರು ಆಡಿದ ಮಾತುಗಳನ್ನು ಅವರ ನುಡಿಯಲ್ಲಿಯೇ ಬರೆಯಬೇಕು. ಬಲಗಡೆಯಲ್ಲಿ ತಾನು ಆಡಿದ ಮಾತುಗಳನ್ನು ಬರೆಯಬೇಕು. ಕೊನೆಗೆ ಪುಟದ ಕೆಳಗೆ, ಯಾವ ಮಾತನ್ನು ಕೇಳಿಯೂ ಕೇಳದವಳಂತೆ ದಾಟಿಹೋದೆನೆಂದು ಒಂದು ಸಾಲು ಬರೆಯಬೇಕು. ಹುಡುಗಿಯರು ಮೊದಲು ನಕ್ಕರು, ಆ ಮೇಲೆ ಬರೆಯುತ್ತ ಬರೆಯುತ್ತ ಮೌನವಾದರು. ಬಹುತೇಕ ಪುಟಗಳಲ್ಲಿ ಬಲಗಡೆ ತುಂಬಿತ್ತು, ಎಡಗಡೆ ಬರಿದಾಗಿತ್ತು. ಒಬ್ಬಳು, "ಅವರು ಮೂರು ಸಲ ಹೂಂ ಎಂದರು, ನಾನು ಅದನ್ನು ಒಪ್ಪಿಗೆ ಎಂದು ತಿಳಿದೆ, ಅದು ಬೇಸರವಾಗಿತ್ತು" ಎಂದು ಬರೆದಿದ್ದಳು. ಇನ್ನೊಬ್ಬಳು, "ತೊಳೆಯುವದು ಹೇಗೆ ಎಂದು ಆ ತಾಯಿ ಕೇಳಿದರು, ನಾನು ನಿಧಿಯ ಉದ್ದೇಶವನ್ನು ಹೇಳಿದೆ" ಎಂದು ಬರೆದಿದ್ದಳು.

ಎರಡನೆಯ ದಿನ 82ರಲ್ಲಿ 57 ಸಾಮಾನುಗಳು ಮಾರಾಟವಾದವು. ಶನಿವಾರವಾದ್ದರಿಂದ ಮಧ್ಯಾಹ್ನದ ಮೇಲೆ ಜನರೂ ಹೆಚ್ಚಾಗಿ ಬಂದಿದ್ದರು. ಎಲ್ಲ ಶ್ರೇಯಸ್ಸನ್ನೂ ನೋಟುಬುಕ್ಕಿಗೆ ಕೊಡುವದು ಸತ್ಯವಾಗದು. ಆದರೆ ಹೋಗುವವರ ಹಿಂದೆ ಕೂಗುವದು ನಿಂತಿತ್ತು. ಸಂಜೆಯ ಹೊತ್ತಿಗೆ ಹಿಂದಿನ ದಿನದ ಅಜ್ಜಿಯೂ ಬಂದರು. ತುಳಸಿ ವೃಂದಾವನದ ಕುಪ್ಪಸ ಅವರಿಗೆ ಆ ಅಂಗಡಿಯಲ್ಲಿ ದೊರೆತಿತ್ತು. ತಮಗಾಗಿ ಒಂದು ತೇರಿನ ಗವುಸಣಿಗೆಯನ್ನು, ಅವಸರವಿಲ್ಲದೆ ನಿಧಾನವಾಗಿ ಹಾಕಿಕೊಡಬೇಕೆಂದು ಮೂಲೆಯ ಮೇಜಿನ ಹುಡುಗಿಗೆ ಹೇಳಿ, ಮುಂಗಡ ಕೊಟ್ಟು ಹೋದರು. ನಮ್ಮ ಕೋಪವು ನಾಚಿಕೆಯಾಗಿ ಮಾರ್ಪಟ್ಟಿತು.

ಇಷ್ಟೇ ಆಗಿದ್ದರೆ ಈ ಲೇಖನವನ್ನು ಇಲ್ಲಿಗೇ ಮುಗಿಸಬಹುದಾಗಿತ್ತು. ಆದರೆ ಹುಡುಗಿಯರಿಗೆ ಹೇಳಿದ ಅಭ್ಯಾಸವನ್ನು ತಾವು ಮಾಡದೆ ಇರುವದು ಶಿಕ್ಷಕರಿಗೆ ಸಲ್ಲದು. ಆ ರಾತ್ರಿ ನಾವೂ ಒಂದು ಪುಟದ ನಡುವೆ ಗೆರೆ ಎಳೆದು ಕುಳಿತೆವು. ನಾವು ಏನು ಮಾರಿದ್ದೇವೆ, ಯಾರಿಗೆ ಮಾರಿದ್ದೇವೆ ಎಂದು ಯೋಚಿಸಲಾಗಿ, ಮುಖ್ಯಾಧ್ಯಾಪಿಕೆಯ ಕೆಲಸದ ಅರ್ಧ ಪಾಲು ಮಾರಾಟವೇ ಎಂದು ತೋರಿತು. ಮಗಳನ್ನು ಇನ್ನೊಂದು ವರುಷ ಓದಿಸಿರೆಂದು ತಂದೆತಾಯಿಗಳಿಗೆ ಹೇಳುವದು ಮಾರಾಟವಲ್ಲದೆ ಮತ್ತೇನು? ಕೊಳ್ಳುವವರು ಅಲ್ಲಿಯೂ ಬೆಲೆ ಕೊಡುತ್ತಾರೆ. ಕೆಲವು ಸಲ ನಮ್ಮ ಕಣ್ಣಿಗೆ ಕಾಣದ ಬೆಲೆಯನ್ನು. ಹೀಗೆ ಯೋಚಿಸುವಾಗ, ನಮ್ಮ ಕೈಯಿಂದ ತಪ್ಪಿಹೋದ ಒಂದು ಸಂಭಾಷಣೆಯು ತಾನಾಗಿ ನೆನಪಿಗೆ ಬಂತು.

2022ರ ಜೂನ್ ತಿಂಗಳಲ್ಲಿ, ಎಂಟನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳಿಂದ ತೇರ್ಗಡೆಯಾದ ಹುಡುಗಿಯೊಬ್ಬಳು ಒಂಬತ್ತನೆಯ ತರಗತಿಗೆ ಬರಲೇ ಇಲ್ಲ. ಎರಡು ವಾರ ನೋಡಿ ನಾವು ಅವಳ ಹಳ್ಳಿಗೆ ಹೋದೆವು. ತಂದೆ ಹೊಲದಿಂದ ಬಂದು, ಕಂಬಳಿ ಹಾಸಿ ಕೂಡ್ರಿಸಿ, ಎದುರಿಗೆ ನಿಂತುಕೊಂಡನು. ನಾವು ಒಂದು ತಾಸು ಮಾತಾಡಿದೆವು. ವಿದ್ಯೆಯ ಮಹಿಮೆಯನ್ನು ಹೇಳಿದೆವು. 2009ರ ಶಿಕ್ಷಣ ಹಕ್ಕಿನ ಕಾನೂನನ್ನು ಹೇಳಿದೆವು. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡಿದರೆ 2006ರ ಕಾನೂನಿನಂತೆ ಶಿಕ್ಷೆಯುಂಟೆಂದು ಎಚ್ಚರಿಸಿದೆವು. ಆತ, "ಹೌದ್ರಿ ಅಕ್ಕಾರ", "ನೋಡೂಣ್ರಿ ಅಕ್ಕಾರ" ಎಂದನು. ಶಾಲೆಗೆ ಮರಳಿ ಬಂದು ದಿನಚರಿಯ ಪುಸ್ತಕದಲ್ಲಿ, "ಪೋಷಕರಿಗೆ ಹೆಣ್ಣುಮಕ್ಕಳ ಶಿಕ್ಷಣದಲ್ಲಿ ಆಸಕ್ತಿ ಇಲ್ಲ" ಎಂದು ಬರೆದು ಸಹಿ ಮಾಡಿದೆವು. ಹುಡುಗಿ ಬರಲಿಲ್ಲ.

ಈಗ ಆ ಸಂಭಾಷಣೆಯನ್ನು ಎರಡು ಪಾಲು ಮಾಡಿ ಬರೆಯತೊಡಗಿದಾಗ, ಬಲಗಡೆಯ ಪಾಲಿಗೆ ಒಂದು ಪುಟ ಸಾಲಲಿಲ್ಲ. ಎಡಗಡೆಯಲ್ಲಿ ನಾಲ್ಕೈದು ಹೂಂಕಾರಗಳು. ಅವುಗಳ ನಡುವೆ ಒಂದೇ ಒಂದು ಪೂರ್ತಿ ವಾಕ್ಯವಿತ್ತು. ಅದನ್ನು ಬರೆಯುವಾಗ ನಮ್ಮ ಕೈ ನಿಂತಿತು. "ಒಂಬತ್ತನೇತ್ತಕ್ಕ ಸಂಜೀ ಕ್ಲಾಸ ಇರ್ತಾವಂತಲ್ರಿ ಅಕ್ಕಾರ?" ಎಂದು ಆತ ಕೇಳಿದ್ದನು. ನಾವು ಅದಕ್ಕೆ, ಹೌದೆಂದೂ, ಪ್ರತಿದಿನ ಐದೂವರೆಯ ತನಕ ವಿಶೇಷ ತರಗತಿಗಳನ್ನು ನಡೆಸುವೆವೆಂದೂ, ಅದಕ್ಕಾಗಿ ಒಂದು ಪೈಯನ್ನೂ ತೆಗೆದುಕೊಳ್ಳುವದಿಲ್ಲವೆಂದೂ ಅಭಿಮಾನದಿಂದ ಹೇಳಿದ್ದೆವು. ಆತ ಅನಂತರ ಏನನ್ನೂ ಕೇಳಲಿಲ್ಲ. ಆ ಹಳ್ಳಿಗೆ ಹೋಗುವ ಕೊನೆಯ ಬಸ್ಸು ಐದೂಕಾಲಿಗೆ ಹೊರಡುವದೆಂದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಬಸ್ಸಿನಿಂದಲೇ ನಾವು ಅಂದು ತಿರುಗಿ ಬರಬೇಕೆಂದು ಕೈಗಡಿಯಾರ ನೋಡಿಕೊಂಡಿದ್ದೆವು. ಅದು ಹಳ್ಳಿಯನ್ನು ಮುಟ್ಟಿ ಮರಳುವ ಬಸ್ಸು. ಗೊತ್ತಿದ್ದ ಎರಡು ಸಂಗತಿಗಳನ್ನು ಒಂದುಗೂಡಿಸಲು ಬೇಕಾದ ಮೂರು ಸೆಕೆಂಡುಗಳ ಮೌನ ನಮ್ಮಲ್ಲಿರಲಿಲ್ಲ. ಯಾವುದು ಅವರಿಗೆ ಅಡ್ಡಿಯಾಗಿತ್ತೋ, ಅದನ್ನೇ ನಾವು ಸರಕಿನ ಹೆಚ್ಚಳವೆಂದು ಹೊಗಳಿ ಬಂದಿದ್ದೆವು.

ನಮ್ಮ ಕಾರ್ಯಾಲಯದಲ್ಲಿ, ಕುರ್ಚಿಯ ಹಿಂದಿನ ಗೋಡೆಯ ಮೇಲೆ, ಯಾಕೋಬನ ಪತ್ರಿಕೆಯ ಮೊದಲನೆಯ ಅಧ್ಯಾಯದ 19ನೆಯ ವಚನವನ್ನು ಹುಡುಗಿಯರು ಕಸೂತಿಯಿಂದ ಬರೆದ ಬಟ್ಟೆಯೊಂದು ತೂಗುತ್ತಿರುವದು. ಕಿವಿಗೂ ನಾಲಗೆಗೂ ಇರತಕ್ಕ ವೇಗದ ವಿಷಯವಾಗಿ ಅದು ಏನು ಹೇಳುವದೆಂದು ಓದುಗರು ಬಲ್ಲರು. ನಮ್ಮೆದುರಿಗೆ ಬಂದು ಕುಳಿತವರಿಗೆಲ್ಲ ಅದು ಕಾಣುವದು; ಕುರ್ಚಿಯಲ್ಲಿ ಕುಳಿತ ನಮಗೆ ಮಾತ್ರ ಕಾಣುವದಿಲ್ಲ. ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿ ಬರುವ ಥುವತೈರ ಊರಿನ ಲುದ್ಯಳೂ ನೆನಪಾದಳು. ಆಕೆ ಫಿಲಿಪ್ಪಿ ಪಟ್ಟಣದಲ್ಲಿ ಬೆಲೆಯುಳ್ಳ ನೇರಳೆ ಬಣ್ಣದ ವಸ್ತ್ರಗಳನ್ನು ಮಾರುವ ವ್ಯಾಪಾರಗಾರ್ತಿ. ಆದರೆ ಆಕೆ ಎಷ್ಟು ಚೆನ್ನಾಗಿ ಮಾತಾಡಿ ಮಾರುತ್ತಿದ್ದಳೆಂದು ಅಲ್ಲಿ ಬರೆದಿಲ್ಲ. ಆಕೆ ಕಿವಿಗೊಟ್ಟು ಕೇಳಿದಳೆಂದು ಬರೆದಿದೆ. ಇನ್ನು ನಮ್ಮ ಕನ್ನಡ ನಾಡಿನ ಮಾತು ತೆಗೆದರೆ, ಕಿಟ್ಟೆಲ್ ಪಂಡಿತರು 1853ರಲ್ಲಿ ಈ ದೇಶಕ್ಕೆ ಬಂದದ್ದು ಬೋಧಿಸಲಿಕ್ಕೆಂದು. ಆದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಕೇಳಿಸಿಕೊಂಡವರ ಕೆಲಸ. ಹಳೆಯ ಕಾವ್ಯಗಳ ಶಬ್ದಗಳ ಸಂಗಡ ಜನರ ಬಾಯಲ್ಲಿದ್ದ ಶಬ್ದಗಳೂ ಗಾದೆಗಳೂ ಅದರಲ್ಲಿ ಸೇರಿರುವವು. ಹೇಳಲು ಬಂದವರು ಮೊದಲು ಕೇಳಿದುದರಿಂದಲೇ ಆ ಗ್ರಂಥ ಆದದ್ದು. ಬೋಧಿಸಿದುದನ್ನು ಜನರು ಮರೆತಿರಬಹುದು, ಕೇಳಿ ಬರೆದದ್ದನ್ನು ಮರೆತಿಲ್ಲ.

2024ರ ಜನವರಿಯಲ್ಲಿ ನಾವು ತಿರುಗಿ ಅದೇ ಹಳ್ಳಿಗೆ ಹೋದೆವು. ಈ ಸಲ ಯಾವ ಕಾನೂನಿನ ಕಾಗದವನ್ನೂ ಒಯ್ಯಲಿಲ್ಲ. ಅಂದಹಾಗೆ, ಹಿಂದೆ ನಾವು ಹೇಳಿದ ಶಿಕ್ಷಣ ಹಕ್ಕಿನ ಕಾನೂನು ಆರರಿಂದ ಹದಿನಾಲ್ಕು ವರುಷದ ಮಕ್ಕಳಿಗಾಗಿ ಇರುವಂಥದು. ಹುಡುಗಿಗೆ ಆಗಲೇ ಹದಿನಾಲ್ಕು ದಾಟಿತ್ತು. ಅನ್ವಯಿಸದ ಕಾನೂನನ್ನು ಹೇಳಿ ಅಂಜಿಸಲು ನೋಡಿದ್ದೆವೆಂಬದೂ ನೋಟುಬುಕ್ಕಿನ ಪುಟದಿಂದಲೇ ನಮಗೆ ಹೊಳೆದದ್ದು. ತಂದೆಗೆ, "ಆವತ್ತು ನೀವು ಸಂಜೆಯ ಕ್ಲಾಸಿನ ಮಾತು ತೆಗೆದಿದ್ದಿರಿ. ನಾವು ಅದನ್ನು ಕೇಳಿಸಿಕೊಳ್ಳಲಿಲ್ಲ. ಈಗ ಹೇಳಿರಿ" ಎಂದು ಹೇಳಿ ಸುಮ್ಮನಾದೆವು. ಆತ ಮನೆಯವಳ ಕಡೆಗೆ ನೋಡಿದನು. ಮಾತಾಡಿದವಳು ತಾಯಿ. ಹಿಂದಿನ ಸಲ ಆಕೆ ಒಳಗಿನ ಬಾಗಿಲಲ್ಲಿ ನಿಂತೇ ಇದ್ದಳು. ನಾವು ಆಕೆಗೆ ಒಂದು ಮಾತನ್ನೂ ಕೇಳಿರಲಿಲ್ಲ.

ಐದೂಕಾಲಿನ ಬಸ್ಸು ತಪ್ಪಿದರೆ ಮುಂದಿನ ಬಸ್ಸು ಹಳ್ಳಿಯ ಒಳಗೆ ಬಾರದೆ ದೊಡ್ಡ ರಸ್ತೆಯ ಮೇಲೆಯೇ ಹೋಗುವದು. ಅಲ್ಲಿಂದ ಊರಿಗೆ ಮೂರು ಕಿಲೋಮೀಟರು. ಎರಡೂ ಕಡೆಗೆ ಹೊಲ. ಹಿಂಗಾರಿಯ ಜೋಳ ಬೆಳೆದು ನಿಂತಾಗ ಆಳು ಕಾಣದು. ಎಂಟನೆಯ ತರಗತಿಯಲ್ಲಿದ್ದಾಗ ಒಂದು ದಿನ ಆಟದ ಸ್ಪರ್ಧೆ ತಡವಾಗಿ ಮುಗಿದು, ಹುಡುಗಿ ಆ ದಾರಿಯನ್ನು ಕತ್ತಲಲ್ಲಿ ಒಬ್ಬಳೇ ನಡೆದು ಬಂದಿದ್ದಳು. ದಾರಿಯಲ್ಲಿ ಬೈಕಿನ ಮೇಲೆ ಬಂದ ಇಬ್ಬರು ಅವಳ ಸುತ್ತಲೂ ಎರಡು ಸಲ ತಿರುಗಿ, ನಕ್ಕು ಹೋಗಿದ್ದರು. ಬೇರೇನೂ ಆಗಲಿಲ್ಲ. ಆದರೆ ಮುಂದಿನ ವರುಷ ಪ್ರತಿದಿನವೂ ಹಾಗೆಯೇ ನಡೆಯಬೇಕಾಗುವದೆಂದು ತಿಳಿದಾಗ, ತಂದೆತಾಯಿಗಳು ರಾತ್ರಿಯೆಲ್ಲ ಮಾತಾಡಿಕೊಂಡು, ಬಿಡಿಸುವದೇ ಲೇಸೆಂದು ತೀರ್ಮಾನಿಸಿದ್ದರು. ಮದುವೆಯ ಯೋಚನೆ ಅವರ ಮನಸ್ಸಿನಲ್ಲಿ ಇರಲೇ ಇಲ್ಲ. "ಲಗ್ನದ ಮಾತು ನಾವು ಎತ್ತಿದ್ದಿಲ್ಲರಿ ಅಕ್ಕಾರ, ನೀವ ಎತ್ತಿದ್ರಿ" ಎಂದು ಆ ತಾಯಿ ಹೇಳಿದಳು. ಆಕೆಯ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಆ ಮಾತು ಹೆಚ್ಚು ನಟ್ಟಿತು.

ಹುಡುಗಿ ಪಡಸಾಲೆಯಲ್ಲಿ ಹೊಲಿಗೆಯ ಯಂತ್ರದ ಮುಂದೆ ಕುಳಿತಿದ್ದಳು. ಊರಿನವರ ಕುಪ್ಪಸಗಳನ್ನು ಹೊಲಿದು ಮನೆಗೆ ನಾಲ್ಕು ಕಾಸು ತರುತ್ತಿದ್ದಳು. ಹತ್ತನೆಯ ತರಗತಿಯ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಬಹುದೆಂದು ಹೇಳಬೇಕೆಂದಿದ್ದ ನಮ್ಮ ಮಾತನ್ನು ತಡೆದುಕೊಂಡು, "ನಿನಗೆ ಏನು ಬೇಕವ್ವಾ?" ಎಂದು ಕೇಳಿದೆವು. ಅವಳು ಯಂತ್ರವನ್ನು ನಿಲ್ಲಿಸಿ, "ಆವತ್ತ ಹಿಂಗ ಕುಂತು ಕೇಳಿದ್ರ ಹೇಳ್ತಿದ್ದೆ, ಟೀಚರ್" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ನನ್ನ ತಂಗಿ ಏಳನೇತ್ತಿನ್ಯಾಗ ಅದಾಳ. ಆಕೀಗೆ ಹಿಂಗ ಆಗದಂಗ ನೋಡ್ರಿ" ಎಂದಳು. ಅವಳ ಉತ್ತರದಲ್ಲಿ ಅವಳಿಗಾಗಿ ಏನೂ ಇರಲಿಲ್ಲ.

ತಿರುಗಿ ಬಂದು ಕೇಳಿನೋಡಲಾಗಿ, ಅದೇ ರಸ್ತೆಯ ಬೇರೆ ಹಳ್ಳಿಗಳಿಂದ ಬರುವ ಐವರು ಹುಡುಗಿಯರು ಇದೇ ಭಯದಲ್ಲಿದ್ದರೆಂದು ತಿಳಿಯಿತು. ಬಸ್ಸಿನ ಹೊತ್ತನ್ನು ಮುಂದೂಡಬೇಕೆಂದು ನಾವು ಬರೆದ ಅರ್ಜಿಯಿಂದ ಫಲವಾಗಲಿಲ್ಲ. ಆಗ ಬಸ್ಸನ್ನು ಬಿಟ್ಟು, ನಮ್ಮ ಕೈಯಲ್ಲಿದ್ದುದನ್ನೇ ಬದಲಿಸಬೇಕೆಂದು ಶಿಕ್ಷಕಿಯರ ಸಭೆ ಕರೆದೆವು. ವಿಶೇಷ ತರಗತಿಗಳನ್ನು ಬೆಳಗಿನ ಹೊತ್ತಿಗೆ ತರುವದಕ್ಕೆ ಇಬ್ಬರು ಅಡ್ಡಿ ಹೇಳಿದರು. ಹಿಂದಿನ ನಾವಾಗಿದ್ದರೆ ಕರ್ತವ್ಯದ ವಿಷಯವಾಗಿ ಉಪನ್ಯಾಸ ಮಾಡುತ್ತಿದ್ದೆವು. ಕೇಳಿದಾಗ, ಒಬ್ಬರಿಗೆ ಮಗುವನ್ನು ಶಾಲೆಗೆ ಬಿಟ್ಟು ಬರುವ ತೊಂದರೆ, ಇನ್ನೊಬ್ಬರಿಗೆ ಹಾಸಿಗೆ ಹಿಡಿದ ಅತ್ತೆಯ ಸೇವೆ. ಅವರಿಬ್ಬರ ಪಾಠಗಳನ್ನು ಮಧ್ಯಾಹ್ನದ ಊಟದ ಬಿಡುವಿನ ಅನಂತರಕ್ಕೆ ಇಟ್ಟೆವು. 2024ರ ಜೂನಿನಲ್ಲಿ ಆ ತಂಗಿಯು ನಮ್ಮ ಶಾಲೆಯ ಎಂಟನೆಯ ತರಗತಿಗೆ ಸೇರಿದಳು. ಅಕ್ಕನು ಖಾಸಗಿ ಪರೀಕ್ಷೆಯ ಅರ್ಜಿಯನ್ನು ತಂಗಿಯ ಕೈಯಲ್ಲಿ ತರಿಸಿಕೊಂಡಳು. ಅದನ್ನು ತುಂಬಿದಳೋ ಇಲ್ಲವೋ ಎಂದು ನಾವು ಅವಸರಪಡಿಸಲಿಲ್ಲ. ಹೋದ ಎರಡು ವರುಷಗಳನ್ನು ಅವಳಿಗೆ ಮರಳಿ ಕೊಡುವ ಶಕ್ತಿ ನಮಗಿಲ್ಲ. ಅವಳ ನಿರ್ಣಯವನ್ನಾದರೂ ಅವಳಿಗೇ ಬಿಡುವದು ನ್ಯಾಯ.

ಇನ್ನು ನಮ್ಮ ವಿದ್ಯಾರ್ಥಿನಿಯರಿಗೆ ಎರಡು ಮಾತು. ನಿಮ್ಮಲ್ಲಿ ಕೆಲವರು ಅಂಗಡಿಗಳಲ್ಲಿಯೂ ಕಂಪನಿಗಳಲ್ಲಿಯೂ ಮಾರುವ ಕೆಲಸಕ್ಕೆ ನಿಲ್ಲುವಿರಿ. ಉಳಿದವರೂ ಒಂದಲ್ಲ ಒಂದು ದಿನ ಯಾರನ್ನೋ ಒಪ್ಪಿಸಬೇಕಾಗುವದು. ಹೊಗಳುವ ಮೊದಲು ಕೇಳಿರಿ. ಕೇಳಿದ ಮೇಲೆ ಉತ್ತರ ಬರುವ ತನಕ ಕಾಯಿರಿ. ಬಂದ ಉತ್ತರವು ನಿಮ್ಮ ಸರಕಿಗೆ ಹೊಂದದಿದ್ದರೆ ಅದನ್ನು ಒಪ್ಪಿಕೊಳ್ಳಿರಿ. ಕೊಳ್ಳುವವರನ್ನು ಬಲೆಗೆ ಕೆಡಹುವದಕ್ಕಾಗಿ ಕಿವಿಗೊಡುವದು ಕೇಳುವದಲ್ಲ, ಅದು ಬೇಟೆಗಾರನ ಹೊಂಚು. ಸಂಜೆ ಒಂದು ಗಳಿಗೆ ಕುಳಿತು, ಪುಟದ ನಡುವೆ ಗೆರೆ ಎಳೆದು, ಎಡಗಡೆಯು ಬರಿದಾಗಿದೆಯೋ ನೋಡಿಕೊಳ್ಳಿರಿ. ಕಸೂತಿಯನ್ನು ಬಲ್ಲವರು ಒಳಮೈ ತಿರುವಿ ನೋಡುವಂತೆ, ನಿಮ್ಮ ಮಾತಿನ ಒಳಮೈಯನ್ನು ನೀವೇ ತಿರುವಿ ನೋಡಿಕೊಳ್ಳಿರಿ. ಮಾತು ಬಲ್ಲವನಿಗೆ ಜಗಳವಿಲ್ಲವೆಂದು ಗಾದೆಯುಂಟು. ಮಾತು ಬಲ್ಲವರಾಗುವದು ಕಿವಿಯಿಂದಲೇ ಎಂದು ನಾವು ನಲವತ್ತು ದಾಟಿದ ಮೇಲೆ ಕಲಿತೆವು. ನೀವು ಹದಿನಾಲ್ಕರಲ್ಲಿಯೇ ಕಲಿಯಿರಿ.

ಆ ಜನವರಿಯ ದಿನ ಹಳ್ಳಿಯಿಂದ ಮರಳಿದ ಮೇಲೆ, 2022ರ ದಿನ���ರಿಯ ಪುಸ್ತಕವನ್ನು ಕಪಾಟಿನಿಂದ ತೆಗೆಸಿದೆವು. ಬರೆದುದನ್ನು ಅಳಿಸುವ ಅಧಿಕಾರ ಯಾರಿಗೂ ಇಲ್ಲ, ಆದುದರಿಂದ ಆ ಸಾಲಿನ ಕೆಳಗೆ ಕೆಂಪು ಮಸಿಯಿಂದ, "ಪೋಷಕರು ಕಾರಣವನ್ನು ಹೇಳಿದ್ದರು, ಮುಖ್ಯಾಧ್ಯಾಪಿಕೆಯವರು ಕೇಳಲಿಲ್ಲ" ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿ ಇಟ್ಟಿದ್ದೇವೆ. ನಮ್ಮ ತರುವಾಯ ಆ ಕುರ್ಚಿಯಲ್ಲಿ ಕುಳಿತುಕೊಳ್ಳುವವರು ಅದನ್ನು ಓದಲಿ.